ಸಂದರ್ಶನದ ಮುಂದೆ ಸಮಚಿತ್ತ

ಬಹಳವಾಗಿ ಬಯಸಿದ್ದನ್ನು ಕೇಳಲು ಹೋಗುವ ಮನುಷ್ಯ ಶಾಂತನಾಗಿರಬಲ್ಲನೇ? ಇರಬಲ್ಲನೆಂದಾದರೆ ಆ ಶಾಂತಿ ಬಯಕೆಯನ್ನು ಅದುಮಿಟ್ಟು ಬಂದದ್ದೇ, ಅಥವಾ ಬಯಕೆಯ ಜೊತೆಯಲ್ಲೇ ಬಾಳಬಲ್ಲದ್ದೇ? ಧರ್ಮಚಿಂತನೆ ಈ ಪ್ರಶ್ನೆಯನ್ನು ರಣರಂಗದಲ್ಲಿ, ಗುರುಕುಲದಲ್ಲಿ, ಕಾಯಕದ ನೆಲೆಯಲ್ಲಿ ಮತ್ತೆ ಮತ್ತೆ ಕೈಗೆತ್ತಿಕೊಂಡಿದೆ. ವೈದ್ಯಕೀಯ ಕಾಲೇಜಿನ ಪ್ರವೇಶ ಸಂದರ್ಶನದಲ್ಲಿ ಅದು ಹದಿನೆಂಟರ ಆಸುಪಾಸಿನ ಹುಡುಗ ಹುಡುಗಿಯರ ಎದುರಿಗೆ ಬರುತ್ತದೆ. ವೈದ್ಯರಾಗಬೇಕೆಂದು ಯಾಕೆ ಅನ್ನಿಸಿತು ಎಂದು ಅಲ್ಲಿ ಕೇಳುತ್ತಾರೆ. ಆಸೆಯನ್ನು ಬಾಯಿಬಿಟ್ಟು ಹೇಳಬೇಕು, ಅದೇ ಆಸೆಯಿಂದ ಕಂಗೆಡಲೂಬಾರದು.

ಕರ್ನಾಟಕದ ಬಹುಪಾಲು ವಿದ್ಯಾರ್ಥಿಗಳಿಗೆ ಇಂದು ಎಂಬಿಬಿಎಸ್ ಸೀಟಿಗಾಗಿ ಸಂದರ್ಶನವಿಲ್ಲ. 720 ಅಂಕಗಳ ನೀಟ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದಾದದ್ದು. ಅದರ ರ್‍ಯಾಂಕಿನ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚುತ್ತದೆ. ಹಳ್ಳಿಯ ಮಕ್ಕಳಿಗೆ ಅಧಿಕಾರಿಗಳ ಮುಂದೆ ಕೂರುವ ಸಂದರ್ಭವೆಂದರೆ ಗ್ರಾಮೀಣ ಮೀಸಲಾತಿಯ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳ ದಾಖಲೆ ಪರಿಶೀಲನೆ. ನಿಜವಾದ ಸಂದರ್ಶನ ಉಳಿದಿರುವುದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ. 1948ರಲ್ಲಿ ಆರಂಭವಾದ ಈ ಕಾಲೇಜು ನೀಟ್ ಅಂಕದ ಮೇಲೆ ಕರೆಸಿಕೊಂಡವರಿಗೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆಯನ್ನೂ ಮನೋವೈಜ್ಞಾನಿಕ ಪರೀಕ್ಷೆಯನ್ನೂ 50 ಅಂಕಗಳ ಸಂದರ್ಶನವನ್ನೂ ನಡೆಸುತ್ತದೆ. ಹೊರದೇಶದಲ್ಲಿ ಬೆಳೆದ ಕನ್ನಡಿಗರ ಮಕ್ಕಳಿಗೆ ಸಂದರ್ಶನ ಇನ್ನೂ ದೊಡ್ಡ ಮಾತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ಈ ಶತಮಾನದ ಮೊದಲ ವರ್ಷಗಳಲ್ಲಿ ರೂಪಿಸಿದ ಕ್ರಮದಲ್ಲಿ ಅಭ್ಯರ್ಥಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತ, ಪ್ರತಿಯೊಂದರಲ್ಲೂ ಕೆಲವೇ ನಿಮಿಷಗಳಲ್ಲಿ ಒಂದು ನೈತಿಕ ಇಕ್ಕಟ್ಟಿಗೋ ಬೇರೊಂದು ಪ್ರಶ್ನೆಗೋ ಉತ್ತರ ಕೊಡಬೇಕು. ಬ್ರಿಟನ್ನಿನ ಅನೇಕ ಕಾಲೇಜುಗಳೂ ಅದನ್ನೇ ಅನುಸರಿಸುತ್ತವೆ.

ತುಮಕೂರು ಜಿಲ್ಲೆಯ ಬೋರನಕಣಿವೆಯ ಕಡೆಯ ಮನೆಯೊಂದಕ್ಕೆ ಪುಣೆಯಿಂದ ಕರೆ ಬಂದರೆ ಅದರ ಹಿಂದೆ ಇಡೀ ಮನೆಯ ಲೆಕ್ಕಾಚಾರವಿರುತ್ತದೆ. ಸುವರ್ಣಮುಖಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ ಇಲ್ಲಿದ್ದರೂ ಅದು ತುಂಬುವುದು ಅಪರೂಪ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಮನೆಗಳು ನಡೆಯುವುದು ತೆಂಗಿನಿಂದ. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಖಾಸಗಿ ಸೀಟಿನ ಶುಲ್ಕ ವರ್ಷಕ್ಕೆ ಹತ್ತು ಲಕ್ಷವಾದರೆ, ಒಂದು ವರ್ಷಕ್ಕೇ ಎಂಬತ್ತು ಕ್ವಿಂಟಾಲಿಗಿಂತ ಹೆಚ್ಚು ಕೊಬ್ಬರಿ ಬೇಕಾಗುತ್ತದೆ. ಪುಣೆಯಲ್ಲಿ ಆ ಹೊರೆ ಇಲ್ಲ. ಬದಲಿಗೆ ಓದು ಮುಗಿಸಿದವರು ಸೇನೆಯ ವೈದ್ಯಕೀಯ ಸೇವೆಗೆ ಬದ್ಧರಾಗಬೇಕು. ಇಷ್ಟೆಲ್ಲ ತೂಗುತ್ತಿರುವಾಗ ಫಲದ ಚಿಂತೆ ಬಿಡು ಎನ್ನುವ ಉಪದೇಶ ಬಾಯಿಮಾತಾಗಬಾರದು. ಅದರ ಅರ್ಥವೇನು ಎಂದು ಸರಿಯಾಗಿ ನೋಡಬೇಕು.

ಭಗವದ್ಗೀತೆ ಶುರುವಾಗುವುದೇ ತತ್ತರಿಸಿದ ದೇಹದಿಂದ. ಮೊದಲನೆಯ ಅಧ್ಯಾಯದಲ್ಲಿ ಅರ್ಜುನ ತನ್ನ ಅವಸ್ಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ: ಅಂಗಾಂಗ ಸೋಲುತ್ತಿದೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಬಿಲ್ಲು ಕೈಜಾರುತ್ತಿದೆ, ಮನಸ್ಸು ತಿರುಗುತ್ತಿದೆ. ಸಂದರ್ಶನದ ಕೋಣೆಯ ಹೊರಗೆ ಕಾಯುತ್ತ ಕೂತವರಿಗೆ ಇದರಲ್ಲಿ ಹೊಸದೇನೂ ಕಾಣದು. ಅರ್ಜುನನಿಗೆ ವಿದ್ಯೆ ಕಡಿಮೆಯಿರಲಿಲ್ಲ, ಅಭ್ಯಾಸವೂ ಕಡಿಮೆಯಿರಲಿಲ್ಲ. ಆದ್ದರಿಂದ ಕಂಗೆಡುವುದು ತಯಾರಿ ಸಾಲದ್ದರ ಗುರುತೆಂಬ ಸಾಮಾನ್ಯ ನಂಬಿಕೆ ಅರ್ಧ ಮಾತ್ರ ನಿಜ. ಎರಡನೆಯ ಅಧ್ಯಾಯದಲ್ಲಿ ಬರುವ ಸಮತ್ವದ ಬೋಧನೆಯನ್ನು, ಅಂದರೆ ಸಿದ್ಧಿ ಅಸಿದ್ಧಿಗಳನ್ನು ಒಂದೇ ರೀತಿ ಕಾಣು ಎಂಬುದನ್ನು, ಏನೂ ಬೇಡವೆನ್ನುವ ಉದಾಸೀನವೆಂದು ಓದಿಕೊಂಡವರು ಬಹಳ ಮಂದಿ. ಆ ಓದು ತಪ್ಪು ಎಂಬುದಕ್ಕೆ ಹದಿನೆಂಟನೆಯ ಅಧ್ಯಾಯವೇ ಸಾಕ್ಷಿ. ಅಲ್ಲಿ ಸಾತ್ವಿಕ ಕರ್ತೃವಿನ ಲಕ್ಷಣ ಹೇಳುವಾಗ ಅಂಟಿಲ್ಲದಿರುವುದು, ಅಹಂಕಾರದ ಮಾತಾಡದಿರುವುದು, ಫಲ ಬಂದರೂ ಬಾರದಿದ್ದರೂ ಕದಡದಿರುವುದು ಇವುಗಳ ನಡುವೆ ಧೃತಿ ಮತ್ತು ಉತ್ಸಾಹಗಳನ್ನೂ ಸೇರಿಸಿದೆ. ಉತ್ಸಾಹವಿಲ್ಲದ ಶಾಂತಿ ಗೀತೆಯ ಶಾಂತಿಯಲ್ಲ. ಬಯಕೆ ಎಲ್ಲಿ ನೆಟ್ಟಿದೆ ಎಂಬುದೇ ಮುಖ್ಯ: ಒಳ್ಳೆಯ ವೈದ್ಯರಾಗಬೇಕೆಂಬುದು ಕರ್ಮದ ಮೇಲಿನ ಬಯಕೆ, ಎದುರಿಗೆ ಕೂತ ಸಂದರ್ಶಕರು ಇಂದು ನನ್ನನ್ನು ಮೆಚ್ಚಲೇಬೇಕೆಂಬುದು ಪರರ ಕೈಯಲ್ಲಿರುವ ಫಲದ ಮೇಲಿನ ಬಯಕೆ. ಗ್ರೀಸ್ ಮತ್ತು ರೋಮಿನ ಸ್ಟೋಯಿಕ್ ಚಿಂತಕರು ಇದೇ ಗೆರೆಯನ್ನು ಬಿಲ್ಲುಗಾರನ ದೃಷ್ಟಾಂತದಿಂದ ಎಳೆದರು. ಗುರಿಯಿಟ್ಟು ಚೆನ್ನಾಗಿ ಬಾಣ ಬಿಡುವುದಷ್ಟೇ ಅವನ ಕೆಲಸ. ಬಿಟ್ಟ ಬಾಣವನ್ನು ಗಾಳಿ ತಿರುಗಿಸಿದರೆ ಅವನ ವಿದ್ಯೆಗೆ ಕುಂದಿಲ್ಲ.

ಶಾಂತಿಯೆಂದರೆ ಭಾವಗಳ ಅಭಾವವೋ, ತಾನೇ ಒಂದು ಭಾವವೋ ಎಂಬ ಚರ್ಚೆ ಕಾವ್ಯಶಾಸ್ತ್ರದಲ್ಲೂ ನಡೆಯಿತು. ನಾಟಕದಲ್ಲಿ ಶಾಂತರಸಕ್ಕೆ ಸ್ಥಾನವಿಲ್ಲವೆಂದು ದಶರೂಪಕದ ಧನಂಜಯ ವಾದಿಸಿದ. ಎಲ್ಲ ಭಾವವೂ ಅಡಗಿದ ಮೇಲೆ ಆಡಿ ತೋರಿಸಲು ಏನು ಉಳಿಯುತ್ತದೆ ಎಂಬುದು ಆ ಪಕ್ಷದ ತಕರಾರು. ಅಭಿನವಗುಪ್ತ ಒಪ್ಪಲಿಲ್ಲ. ತತ್ತ್ವಜ್ಞಾನವೇ ಶಾಂತರಸದ ಸ್ಥಾಯಿಭಾವ, ಉಳಿದ ಭಾವಗಳು ಎದ್ದು ಬೀಳುವುದಕ್ಕೂ ಅದೇ ಆಧಾರ ಎಂದ. ಈ ವಾದಗಳನ್ನು ಕನ್ನಡಕ್ಕೆ ತಿಳಿಯಾಗಿ ತಂದುಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ. ನಂ. ಶ್ರೀಕಂಠಯ್ಯ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಅಭಿನವಗುಪ್ತನ ನಿಲುವನ್ನು ಸಂದರ್ಶನದ ಕೋಣೆಗೆ ತಂದು ನೋಡಿದರೆ ಉಪಯೋಗವಿದೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಒಬ್ಬರು ಶಾಂತರಾಗಿರಬಹುದು, ತಾನು ಇಲ್ಲಿಗೆ ಬಂದದ್ದೇಕೆ ಎಂಬ ಅರಿವು ಕದಡದಿದ್ದರೆ ಸಾಕು. ಎದೆಬಡಿತ ನಿಲ್ಲಿಸಲು ಹೆಣಗುವವರು ಎರಡು ಭಯಗಳನ್ನು ಹೊರುತ್ತಾರೆ: ಸಂದರ್ಶನದ್ದೊಂದು, ಭಯದ ಭಯ ಇನ್ನೊಂದು.

ವೈದ್ಯವಿದ್ಯೆಗೆ ಶಿಷ್ಯರನ್ನು ಆರಿಸುವಾಗ ಏನು ನೋಡಬೇಕೆಂದು ಈ ನೆಲದ ವೈದ್ಯರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗುರು ಶಿಷ್ಯನನ್ನು ಪರೀಕ್ಷಿಸುವ ಕ್ರಮವಿದೆ. ಗುಣಗಳ ಉದ್ದನೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಪ್ರಶಾಂತನಾಗಿರುವುದು. ಬುದ್ಧಿ, ನೆನಪು, ನಿರಹಂಕಾರ, ಸಿಟ್ಟಿಲ್ಲದಿರುವುದು, ಲೋಭವಿಲ್ಲದಿರುವುದು, ಸಕಲ ಜೀವಿಗಳ ಹಿತ ಬಯಸುವುದು ಆಮೇಲೆ ಬರುತ್ತವೆ. ನಾಲಗೆ, ಹಲ್ಲು, ತುಟಿ, ಮೂಗಿನ ನೇರವನ್ನೂ ಆ ಪಟ್ಟಿ ಎಣಿಸುತ್ತದೆ; ಅದನ್ನು ಇಂದು ಯಾರೂ ಒಪ್ಪಬೇಕಾಗಿಲ್ಲ, ಒಪ್ಪಲೂಬಾರದು. ಪ್ರಶಾಂತಿಗೆ ಕೊಟ್ಟ ಮೊದಲ ಮಣೆ ಮಾತ್ರ ಯೋಚಿಸಬೇಕಾದದ್ದು. ಅದು ರೋಗಿಯ ಸಲುವಾಗಿ ಕೇಳಿದ ಗುಣ. ವೈದ್ಯರ ಮುಖ ನೋಡಿ ರೋಗಿ ಧೈರ್ಯ ತಂದುಕೊಳ್ಳುತ್ತಾನೆ, ಇಲ್ಲವೇ ಕಳೆದುಕೊಳ್ಳುತ್ತಾನೆ. 1889ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯ ಪದವೀಧರರಿಗೆ ವಿಲಿಯಂ ಆಸ್ಲರ್ ಮಾಡಿದ ಪ್ರಸಿದ್ಧ ಭಾಷಣವೂ ಸಮಚಿತ್ತವನ್ನು ಕುರಿತದ್ದೇ. ಹೀಗೆ ನೋಡಿದಾಗ, ಶಾಂತವಾಗಿರುವುದು ಸೀಟು ಗೆಲ್ಲುವ ತಂತ್ರವೆಂಬ ಭಾವನೆ ತಲೆಕೆಳಗಾಗುತ್ತದೆ: ಶಾಂತಿ ಆ ವೃತ್ತಿಯ ಮೊದಲ ಪಾಠ, ಸಂದರ್ಶನ ಅದನ್ನು ಕಲಿಯಲು ಸಿಕ್ಕ ಮೊದಲ ಸಂದರ್ಭ.

ಅದೇ ಅಧ್ಯಾಯ ವೈದ್ಯರ ನಡುವಿನ ಸಂಭಾಷೆಯನ್ನು ಎರಡಾಗಿ ವಿಂಗಡಿಸುತ್ತದೆ. ಒಂದು ಸ್ನೇಹದ ಮಾತುಕತೆ, ಇನ್ನೊಂದು ಜಿದ್ದಿನ ವಾದ. ಸ್ನೇಹದ ಮಾತುಕತೆಯಲ್ಲಿ ಅಳುಕಿಲ್ಲದೆ ಕೇಳಬೇಕು, ಕೇಳಿದ್ದಕ್ಕೆ ಬಿಚ್ಚಿ ಹೇಳಬೇಕು, ಸೋಲುವ ಭಯದಿಂದ ಉದ್ವಿಗ್ನರಾಗಬಾರದು, ಗೆದ್ದರೆ ಬೀಗಬಾರದು, ತಿಳಿಯದ ವಿಷಯವನ್ನು ತಿಳಿದಂತೆ ವಿವರಿಸಬಾರದು ಎಂಬ ಸೂಚನೆಗಳಿವೆ. ಸಂದರ್ಶನಕ್ಕೆ ಹೋಗುವವರು ಸಾಮಾನ್ಯವಾಗಿ ಎರಡನೆಯ ಬಗೆಗೆ ಸಜ್ಜಾಗಿ ಹೋಗುತ್ತಾರೆ, ಎದುರಿಗಿರುವವರು ಕೆಡವಲು ಕೂತಿದ್ದಾರೆ ಎಂಬ ಭಾವದಲ್ಲಿ. ಎದುರಿಗಿರುವವರನ್ನು ಮುಂದೆ ತನಗೆ ಕಲಿಸಬಹುದಾದ ಹಿರಿಯರೆಂದು ಕಂಡ ಕ್ಷಣ ಮಾತಿನ ಧಾಟಿಯೇ ಬದಲಾಗುತ್ತದೆ. ಗೊತ್ತಿಲ್ಲವೆಂದು ನೇರವಾಗಿ ಹೇಳುವ ಧೈರ್ಯವೂ ಅಲ್ಲಿಂದಲೇ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿದೆಯೆನ್ನುವ ವೈದ್ಯರಿಂದ ಆಗುವ ಹಾನಿ ದೊಡ್ಡದು. ಆ ಅಭ್ಯಾಸ ಪ್ರವೇಶದ ಬಾಗಿಲಲ್ಲೇ ಶುರುವಾಗದಿರುವುದು ಒಳ್ಳೆಯದು.

ವಚನಕಾರರ ಕಾಯಕ ತತ್ತ್ವ ಫಲದ ಪ್ರಶ್ನೆಗೆ ಬೇರೊಂದು ಉತ್ತರ ಕೊಡುತ್ತದೆ, ತುಮಕೂರು ಸೀಮೆಯ ಮಕ್ಕಳಿಗೆ ಹೆಚ್ಚು ಹತ್ತಿರದ್ದು ಅದೇ ಇರಬಹುದು. ಕಾಯಕದಲ್ಲಿ ಫಲವನ್ನು ತೊರೆಯುವ ಮಾತಿಲ್ಲ. ದುಡಿದದ್ದು ಕೈಗೆ ಬರಬೇಕು, ಬಂದದ್ದು ದಾಸೋಹಕ್ಕೆ ಹೋಗಬೇಕು. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ ಕಥೆ ಈ ತತ್ತ್ವದ ಅಳತೆಗೋಲು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರು (1907–2019) ಜಾತಿ ಕೇಳದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟದ್ದು ದಾಸೋಹವನ್ನು ಸಂಸ್ಥೆಯಾಗಿ ನಿಲ್ಲಿಸಿದ ಉದಾಹರಣೆ. ಈ ನೋಟದಲ್ಲಿ ಸೀಟು ಸಿಗುವುದು ಒಬ್ಬರ ಗೆಲುವಲ್ಲ, ಮುಂದೆ ಊರಿಗೆ ಹಂಚಬೇಕಾದ ಒಂದು ಸಾಮರ್ಥ್ಯ. ಭಯ ಇಲ್ಲಿ ಕಿರಿದಾಗುವುದಕ್ಕೆ ಕಾರಣವಿದೆ. ತನ್ನ ಯೋಗ್ಯತೆಯನ್ನು ತಕ್ಕಡಿಗೆ ಹಾಕಿದ್ದಾರೆ ಎಂದುಕೊಂಡವರಿಗೆ ಸೋಲೆಂದರೆ ತಾನೇ ಇಲ್ಲವಾದಂತೆ. ಮಾಡಬೇಕಾದ ಕೆಲಸಕ್ಕೆ ಒಂದು ದಾರಿ ಕೇಳಲು ಬಂದಿದ್ದೇನೆ ಎಂದುಕೊಂಡವರಿಗೆ ಸೋಲೆಂದರೆ ಆ ದಾರಿ ಮುಚ್ಚಿತು, ಅಷ್ಟೇ. ಆದರೆ ಇದನ್ನು ಒಪ್ಪಿಸುವ ಪಾಠವಾಗಿ ಬಳಸಿದರೆ ಕೆಡುತ್ತದೆ. ಬಡವರ ಸೇವೆಗೆಂದೇ ವೈದ್ಯನಾಗುತ್ತೇನೆ ಎಂದು ಕಂಠಪಾಠ ಮಾಡಿಕೊಂಡು ಬಂದ ಮಾತು ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ, ಹೇಳುವವರ ಒಳಗನ್ನೂ ಅದು ಟೊಳ್ಳು ಮಾಡುತ್ತದೆ. ವೈದ್ಯರಿಗೆ ಇರುವ ಮರ್ಯಾದೆ ಇಷ್ಟ, ಮನೆಯ ಸಾಲ ತೀರಬೇಕು ಎಂಬ ಆಸೆಗಳು ಇದ್ದರೆ ಅವೂ ಸತ್ಯವೇ. ಅವನ್ನು ಮುಚ್ಚಿಡುವ ಶ್ರಮ ಅರ್ಧ ಆತಂಕಕ್ಕೆ ಮೂಲ.

ಶಾಂತಿ ಸಂಕಲ್ಪದಿಂದ ಒಮ್ಮೆಗೇ ಬರುವುದೇ, ಅಭ್ಯಾಸದಿಂದ ನಿಧಾನವಾಗಿ ಬರುವುದೇ? ಜೈನಧರ್ಮ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಶ್ರಾವಕರಿಗೆ ಹೇಳಿದ ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು: ಒಂದು ಮುಹೂರ್ತ, ಅಂದರೆ 48 ನಿಮಿಷ, ರಾಗದ್ವೇಷಗಳನ್ನು ಬದಿಗಿಟ್ಟು ಸಮಭಾವದಲ್ಲಿ ಕೂರುವುದು. ಸನ್ಯಾಸಿಗೆ ಬಾಳೆಲ್ಲ ಇರಬೇಕಾದ ಸ್ಥಿತಿಯನ್ನು ಸಂಸಾರಿಗೆ ದಿನದ ಒಂದು ಹೊತ್ತಿನ ಸಾಧನೆಯಾಗಿ ಇಳಿಸಿಕೊಟ್ಟದ್ದು ಇದರ ದೊಡ್ಡತನ. ತುರುವೇಕೆರೆಗೆ ದೂರವಲ್ಲದ ಶ್ರವಣಬೆಳಗೊಳ ಈ ಪರಂಪರೆಯನ್ನು ಸಾವಿರ ವರ್ಷ ಮೀರಿ ಕಾಪಾಡಿಕೊಂಡಿದೆ. ಶಾಂತಿ ಅಭ್ಯಾಸದಿಂದ ನಿಧಾನವಾಗಿ ಬರುತ್ತದೆಂಬುದನ್ನು ತೆಂಗಿನ ಸೀಮೆಯವರಿಗೆ ವಿವರಿಸಲು ಅಟ್ಟದ ಕಾಯಿ ಸಾಕು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವ ಗಿಟುಕಾಗುತ್ತದೆ. ಅವಸರಪಟ್ಟು ಒಡೆದರೆ ಉಂಡೆ ಕೊಬ್ಬರಿ ಸಿಗುವುದಿಲ್ಲ. ಸಂದರ್ಶನಕ್ಕೆ ವಾರವಿರುವಾಗ ಶುರುಮಾಡಿದ ಧ್ಯಾನದಿಂದ ಏನೂ ಆಗದೆನ್ನುವಂತಿಲ್ಲ, ಆದರೆ ಪಿಯುಸಿಯ ಮೊದಲ ವರ್ಷದಿಂದ ದಿನಕ್ಕೊಂದು ಹೊತ್ತು ಸುಮ್ಮನೆ ಕೂತವರ ಸ್ಥಿತಿ ಬೇರೆ.

ಹರಕೆಯ ವಿಚಾರ ಇಲ್ಲಿ ಬರಲೇಬೇಕು. ಎಡೆಯೂರಿನ ಸಿದ್ಧಲಿಂಗೇಶ್ವರನಿಗೋ ಊರ ದೇವತೆಗೋ ಹರಕೆ ಹೊತ್ತು ಮಕ್ಕಳನ್ನು ಪರೀಕ್ಷೆಗೆ ಕಳಿಸುವ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ತತ್ತ್ವ ಓದಿದವರು ಹರಕೆಯನ್ನು ದೇವರೊಡನೆ ಮಾಡುವ ವ್ಯಾಪಾರವೆಂದು ಬೇಗ ತಳ್ಳಿಹಾಕುತ್ತಾರೆ. ಅದು ಆತುರದ ತೀರ್ಪು. ತಾಯಿ ಹರಕೆ ಹೊತ್ತಾಗ ತನ್ನ ಕೈಯಲ್ಲಿಲ್ಲದ ಭಾಗವನ್ನು ಇನ್ನೊಂದು ಕೈಗೆ ಒಪ್ಪಿಸುತ್ತಾಳೆ, ಆ ರಾತ್ರಿ ಅವಳಿಗೆ ನಿದ್ದೆ ಬರುತ್ತದೆ. ಇಸ್ಲಾಮಿನಲ್ಲಿ ತವಕ್ಕುಲ್ ಎನ್ನುವ ಭರವಸೆಯೂ ಇದನ್ನೇ ಹೇಳುತ್ತದೆ, ಒಂದು ಕರಾರಿನೊಡನೆ: ಒಂಟೆಯನ್ನು ಕಟ್ಟಿದ ಮೇಲೆ ದೇವರ ಮೇಲೆ ಭಾರ ಹಾಕಬೇಕು. ತೊಡಕು ಹುಟ್ಟುವುದು ಹರಕೆಯ ಹೊರೆ ಮಗುವಿನ ಹೆಗಲಿಗೆ ಬಂದಾಗ. ನಿನಗಾಗಿ ಇಷ್ಟು ಹೊತ್ತಿದ್ದೇವೆ, ಮಾನ ಉಳಿಸು ಎಂದು ಹೊರಡುವ ಹೊತ್ತಿಗೆ ಹೇಳಿದರೆ ಒಪ್ಪಿಸಿದ ಭಾರ ಇಮ್ಮಡಿಯಾಗಿ ಮರಳುತ್ತದೆ. ಅಜ್ಜಿ ಹಣೆಗೆ ವಿಭೂತಿಯಿಟ್ಟು ಹೋಗಿ ಬಾ ಮಗಾ ಎಂದಷ್ಟೇ ಹೇಳಿ ಕಳಿಸಿದರೆ ಬೇರೆ ಮಾತು ಬೇಕಾಗುವುದಿಲ್ಲ.

ಸಮಚಿತ್ತದ ಉಪದೇಶದ ಮೇಲೆ ಒಂದು ಗಟ್ಟಿ ಆಕ್ಷೇಪವಿದೆ. ಆಯ್ಕೆಯೇ ಅನ್ಯಾಯದ್ದಾಗಿದ್ದರೆ, ಶಾಂತವಾಗಿರು ಎನ್ನುವುದು ಸಹಿಸಿಕೊಂಡಿರು ಎಂದಂತಾಗುವುದಿಲ್ಲವೇ? ಇದನ್ನು ಕನ್ನಡನಾಡಿನ ಇತಿಹಾಸವೇ ಎತ್ತಿದೆ. ಹಳೆಯ ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು 1963ರಲ್ಲಿ ಸರ್ಕಾರ ಸೂಚಿಸಿತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಚರ್ಚೆ, ನಾಟಕ ಇವೆಲ್ಲ ಅಳತೆಗಳು. ಈ ಅಳತೆಗಳಲ್ಲಿ ಪೇಟೆಯ ಕಾನ್ವೆಂಟಿನ ಮಕ್ಕಳಿಗೆ ಸಿಕ್ಕ ಅವಕಾಶ ಬೋರನಕಣಿವೆಯಂಥ ಊರಿನ ಮಕ್ಕಳಿಗೆ ಎಲ್ಲಿಂದ ಬರಬೇಕಿತ್ತು? ಆರ್. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಎಂಬ ಪ್ರಕರಣವಾಗಿ ಇದು ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿಹಿಡಿಯಿತು. ಆಮೇಲೆ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಎರಡು ಮೂರು ನಿಮಿಷದ ಮಾತಿಗೆ ಮೂರನೇ ಒಂದು ಭಾಗದಷ್ಟು ಅಂಕ ಇಟ್ಟಿದ್ದನ್ನು ನೋಡಿ, ಮೌಖಿಕ ಸಂದರ್ಶನಕ್ಕೆ ಒಟ್ಟು ಅಂಕದ ಶೇ. 15ಕ್ಕಿಂತ ಹೆಚ್ಚಿಡುವುದು ಮನಸೋಇಚ್ಛೆಯ ಕ್ರಮವೆಂದು ಅದೇ ನ್ಯಾಯಾಲಯ ಹೇಳಿತು. ಆ ಕಾಲೇಜಿನ ಸಂದರ್ಶಕರು ಕೇಳಿದ್ದು ಹೆಚ್ಚಾಗಿ ತಂದೆತಾಯಿ ಯಾರು, ಊರು ಯಾವುದು ಎಂದು.

ಈ ಪ್ರಕರಣಗಳನ್ನು ಹೂಡಿದವರು ಶಾಂತಿಯನ್ನು ಬಿಟ್ಟುಕೊಟ್ಟವರಲ್ಲ. ಫಲದ ವಿಷಯದಲ್ಲಿ ಸಮಚಿತ್ತವಿರಬೇಕು ಎಂಬುದಕ್ಕೂ ವಿಧಾನದ ವಿಷಯದಲ್ಲಿ ನ್ಯಾಯ ಕೇಳಬೇಕು ಎಂಬುದಕ್ಕೂ ವಿರೋಧವಿಲ್ಲ. ಕದಡಿದ ಮನಸ್ಸಿನಿಂದ ನ್ಯಾಯ ಕೇಳುವುದೇ ಕಷ್ಟ. ಗೀತೆಯ ಸಮತ್ವದ ಬೋಧೆ ಮುಗಿದ ಮೇಲೆ ಅರ್ಜುನ ಎದ್ದು ನಿಂತ ಎಂಬುದನ್ನು ಮರೆತವರೇ ಅದನ್ನು ತೆಪ್ಪಗಿರುವ ಪಾಠ ಮಾಡಿದ್ದು. ಈ ತೀರ್ಪುಗಳಿಂದ ಹೊರಡುವ ಒಂದು ಮಾತನ್ನು ಅಭ್ಯರ್ಥಿ ತಿಳಿದಿರುವುದು ಒಳ್ಳೆಯದು. ಕೆಲವೇ ನಿಮಿಷದಲ್ಲಿ ಅಪರಿಚಿತರು ಕೊಡುವ ಅಂಕ ವ್ಯಕ್ತಿಯ ತೂಕವಾಗಲಾರದು ಎಂಬುದು ಸಮಾಧಾನದ ಮಾತಷ್ಟೇ ಅಲ್ಲ, ಈ ದೇಶದ ಅತ್ಯುನ್ನತ ನ್ಯಾಯಾಲಯ ಆ ಅಂಕಕ್ಕೆ ಮಿತಿ ಹಾಕಿದ್ದೂ ಅಂಥ ಅರಿವಿನಿಂದಲೇ.

ಸಂದರ್ಶನದ ತಯಾರಿಗೆ ಬೇಕಾದ ಸಾಮಗ್ರಿ ದೂರದಲ್ಲಿಲ್ಲ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರು ಈ ಸೀಮೆಯ ಊರುಗಳಿಗೆ ಹೊಸಬರಲ್ಲ. ಬಿದ್ದವರನ್ನು ಹೇಗೆಂದರೆ ಹಾಗೆ ಎತ್ತಿ ಆಟೋದಲ್ಲಿ ಮಡಿಸಿ ಸಾಗಿಸುವುದರಿಂದ ಪೆಟ್ಟು ಹೆಚ್ಚುತ್ತದೆ ಎಂಬುದನ್ನು ಇಲ್ಲಿನ ಹುಡುಗಿ ಪುಸ್ತಕ ನೋಡದೆ ಹೇಳಬಲ್ಲಳು. ಕೊಳವೆಬಾವಿಯ ಫ್ಲೋರೈಡ್ ನೀರು ಪಾವಗಡದ ಮಕ್ಕಳ ಹಲ್ಲು ಮೂಳೆಗೆ ಮಾಡಿದ್ದೇನು, ಆಶಾ ಕಾರ್ಯಕರ್ತೆ ದಿನಕ್ಕೆ ಎಷ್ಟು ಮನೆ ಸುತ್ತುತ್ತಾಳೆ ಎಂಬುದೂ ಹಾಗೆಯೇ. ಬಾಣಂತಿಯರನ್ನೂ ಮುಟ್ಟಾದವರನ್ನೂ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಿಸುವ ರೂಢಿ ಕೆಲವು ಗೊಲ್ಲರಹಟ್ಟಿಗಳಲ್ಲಿ ಪೂರ್ತಿ ಅಳಿದಿಲ್ಲ. ವೈದ್ಯರಾಗಿ ಏನು ಮಾಡುವಿರಿ ಎಂದು ಸಂದರ್ಶಕರು ಕೇಳಿದರೆ, ಆ ಜನರ ದೇವರ ಭಯವನ್ನು ಹಗುರಾಗಿ ಕಾಣದೆ, ತಾಯಿ ಮಗುವಿನ ಜೀವದ ವಿಷಯದಲ್ಲಿ ಕೊಂಚವೂ ಸಡಿಲಿಸದೆ ಉತ್ತರ ಕೊಡಬೇಕಾಗುತ್ತದೆ. ಇಂಥ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ. ಅದನ್ನು ಮುಂಚೆಯೇ ಮನಸ್ಸಿನಲ್ಲಿ ಹೊತ್ತು ತಿರುಗಿದವರಿಗೆ ಮಾತ್ರ ಆ ಕ್ಷಣದಲ್ಲಿ ಮಾತು ಹುಟ್ಟುತ್ತದೆ. ಇಂಗ್ಲಿಷಿನ ಅಳುಕಿಗೂ ಮದ್ದು ಇಲ್ಲೇ ಇದೆ: ವಿಚಾರವನ್ನು ಮೊದಲು ಕನ್ನಡದಲ್ಲಿ ಕೊನೆಮುಟ್ಟ ಹೇಳಿ, ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಒಬ್ಬ ಗೆಳತಿಯ ಮುಂದೆ ಮತ್ತೆ ಹೇಳುವುದು.

ಹಿಂದಿನ ರಾತ್ರಿಗೆ ಉಳಿಯುವುದು ಸ್ವಲ್ಪವೇ. ಅರಸೀಕೆರೆಯಿಂದ ಹುಬ್ಬಳ್ಳಿ, ಮೀರಜ್ ಮೇಲೆ ಪುಣೆಗೆ ಹೋಗುವ ರೈಲನ್ನು ಒಂದು ದಿನ ಮೊದಲೇ ಹಿಡಿಯುವುದು, ದಾಖಲೆಗಳನ್ನು ಒಂದೇ ಚೀಲದಲ್ಲಿಡುವುದು, ಹೊಟ್ಟೆಗೆ ಒಗ್ಗಿದ್ದನ್ನೇ ಉಣ್ಣುವುದು. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ವೇಗಸ್ ನರದ ಮೂಲಕ ಎದೆಬಡಿತ ತಗ್ಗುತ್ತದೆ. ಹೆಸರು ಕರೆದಾಗ ಸ್ವಲ್ಪ ನಡುಕ ಉಳಿದಿದ್ದರೂ ಚಿಂತೆಯಿಲ್ಲ; ತೀರ ಕಡಿಮೆ ಉದ್ವೇಗವೂ ತೀರ ಹೆಚ್ಚಿನ ಉದ್ವೇಗವೂ ಕೆಲಸ ಕೆಡಿಸುತ್ತವೆ, ನಡುವಿನದು ನೆರವಾಗುತ್ತದೆ ಎಂಬ ತಿಳಿವಳಿಕೆಗೆ ಮನೋವಿಜ್ಞಾನದಲ್ಲಿ 1908ರ ಯರ್ಕ್ಸ್ ಮತ್ತು ಡಾಡ್ಸನ್ ಪ್ರಯೋಗಗಳಷ್ಟು ಹಳೆಯ ಬೇರಿದೆ. ಗೀತೆ ಉತ್ಸಾಹವನ್ನು ಬಿಡಬೇಡವೆಂದದ್ದಕ್ಕೆ ಇದು ದೇಹದ ಕಡೆಯಿಂದ ಬಂದ ಅನುಮೋದನೆ.

ಸಮಚಿತ್ತದ ನಿಜವಾದ ಪರೀಕ್ಷೆ ಪಟ್ಟಿ ಪ್ರಕಟವಾದ ದಿನ. ಸಿಕ್ಕವರು ಬೀಗದಿರುವುದು ಸಿಗದವರು ಕುಸಿಯದಿರುವುದಕ್ಕಿಂತ ಸುಲಭವೇನಲ್ಲ, ಚರಕ ಎರಡನ್ನೂ ಒಟ್ಟಿಗೆ ಹೇಳಿದ್ದು ಅದಕ್ಕೇ. ಸಿಗದವರ ದುಃಖ ನ್ಯಾಯವಾದದ್ದು, ಅದನ್ನು ತತ್ತ್ವದಿಂದ ಕೂಡಲೇ ಒರೆಸಿಹಾಕಲು ಮನೆಯವರು ಹೋಗಬಾರದು. ಕೆಲವು ದಿನ ಅಳಲು ಬಿಡಬೇಕು, ಒಂಟಿಯಾಗಿ ಮಾತ್ರ ಬಿಡಬಾರದು. ಪುಣೆಯ ಬಾಗಿಲು ಮುಚ್ಚಿದರೂ ಅದೇ ನೀಟ್ ಅಂಕದ ಮೇಲೆ ರಾಜ್ಯದ ಕೌನ್ಸೆಲಿಂಗ್ ಸುತ್ತುಗಳು ತೆರೆದಿರುತ್ತವೆ, ಆಯುರ್ವೇದ ಮತ್ತು ದಂತವೈದ್ಯ ಸೀಟುಗಳಿಗೂ ಆ ಅಂಕ ನಡೆಯುತ್ತದೆ. ನೀಟ್ ಬರೆಯಲು ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತೆಗೆದುಹಾಕಿದೆ; ಎಷ್ಟು ಸಲ ಬರೆಯಬಹುದೆಂಬುದಕ್ಕೂ ಕಟ್ಟುಪಾಡಿಲ್ಲ.